ಹಳದಿ ನೊರೆ

ಬೆಳಗಿನ ಜಾವ ನಾಲ್ಕು ಹತ್ತು.
ಮೊದಲು ಉಗುರಿನ ಸದ್ದು, ಹಲಗೆ ನೆಲದ ಮೇಲೆ,
ಆಮೇಲೆ ಹೊಟ್ಟೆಯ ತಳದಿಂದ
ನೀರಿಗೆ ಮುಳುಗುತ್ತಿರುವ ಖಾಲಿ ಬಿಂದಿಗೆಯಂತೆ
ಗ್ಳಕ್, ಗ್ಳಕ್, ಗ್ಳಕ್.
ಕ್ಲೈಪೆಡಾ ಬಂದರಿನ ಕ್ರೇನುಗಳ ಕಿರುಚಾಟಕ್ಕೆ
ಇಪ್ಪತ್ತೆರಡು ವರ್ಷದಿಂದ ಮಗ್ಗುಲೂ ಬದಲಿಸದ ನಾನು
ಇದಕ್ಕೆ ಎದ್ದು ಕೂರುತ್ತೇನೆ.

ದಂಗ್ವೊಲೆಯೂ ಎದ್ದಿರುತ್ತಾಳೆ.
ಆ ಕೋಣೆಯಿಂದ ಅವಳು, ಈ ಕೋಣೆಯಿಂದ ನಾನು,
ನಡುವೆ ಓಣಿಯಂಥ ಹಜಾರದಲ್ಲಿ ರೂದಿಸ್,
ಬೆನ್ನು ಬಿಲ್ಲಾಗಿಸಿ, ಕಾಲು ಅಗಲಿಸಿ,
ಸಾಲ ಕೇಳಲು ಬಂದವನ ಮುಖದಲ್ಲಿ.

"ಹಳದಿಯಾ?"
"ಹಳದಿ. ಬರೀ ನೊರೆ."
"ರಕ್ತ?"
"ಇಲ್ಲ."
"ಹುಲ್ಲು?"
"ಎರಡು ಎಸಳು."

ಅಕ್ಟೋಬರಿನಿಂದ ಈಚೆಗೆ
ನಮ್ಮಿಬ್ಬರ ನಡುವೆ ನಡೆದ
ಅತಿ ಉದ್ದದ ಮಾತುಕತೆ ಇದು.

ವಿಷಯ ಅಂಥ ದೊಡ್ಡದೇನಲ್ಲ.
ಅವಳನ್ನು ಕೇಳದೆ ತಮ್ಮ ಗಿಂತಾರಸ್‌ಗೆ
ಮೂರು ಸಾವಿರ ಯೂರೊ ಕೊಟ್ಟೆ.
ಅವನು ವ್ಯಾನು ಕೊಂಡ, ವ್ಯಾನು ಕೆಟ್ಟಿತು,
ಆಮೇಲೆ ಫೋನು ಎತ್ತುವುದನ್ನೂ ಬಿಟ್ಟ.
ನುಂಗಲೂ ಬಾರದ ಉಗುಳಲೂ ಬಾರದ ಬಿಸಿತುಪ್ಪ;
ಈಗ ಬಿಸಿಯೂ ಇಲ್ಲ,
ಈ ಕಡಲ ಚಳಿಗೆ ಇಬ್ಬರ ಗಂಟಲಲ್ಲೂ
ಹೆಪ್ಪುಗಟ್ಟಿ ಕೂತಿದೆ.

ರೂದಿಸ್‌ಗೆ ಈ ಕಷ್ಟ ಗೊತ್ತಿಲ್ಲ.
ಬೇಡದ್ದನ್ನು ಕಕ್ಕಿದ, ಮೂಗು ನೆಕ್ಕಿಕೊಂಡ,
ಬಾಲ ಆಡಿಸಿದ, ಮುಗಿಯಿತು.
ಬಟ್ಟೆ ತರುವುದು ತಡವಾದರೆ ಮಾತ್ರ
ಕಕ್ಕಿದ್ದನ್ನೇ ಮತ್ತೆ ತಿನ್ನಲು ಬಾಗುತ್ತಾನೆ.
(ಅದನ್ನು ನಾವೂ ಮಾಡಿದ್ದೇವೆ,
ಕ್ರಿಸ್‌ಮಸ್ ಊಟದ ಮೇಜಿನಲ್ಲಿ, ನೆಂಟರ ಮುಂದೆ.)

ಫ್ರಿಜ್ಜಿನ ಬಾಗಿಲಿಗೆ ಒಂದು ಚೀಟಿ ಅಂಟಿಸಿದ್ದಾಳೆ.
ದಿನಾಂಕ, ಹೊತ್ತು, ಬಣ್ಣ.
ಜನವರಿ ಮೂರು, ನನ್ನ ಅಕ್ಷರ: ಉಣ್ಣೆಯ ಕಾಲುಚೀಲ, ಅರ್ಧ.
ಜನವರಿ ಒಂಬತ್ತು, ಅವಳದು:
ಕೆಂಪು. ಗಾಬರಿಯಾದೆವು. ಬೀಟ್‌ರೂಟ್ ಸೂಪು ಅಷ್ಟೆ.
ಹಾಲು ತೆಗೆಯಲು ಹೋದವನು
ಬಾಗಿಲು ತೆರೆದೇ ಬಿಟ್ಟು ನಿಂತೆ.
ಗಾಬರಿಯಾದೆ, ಎಂದು ಬರೆಯಬಹುದಿತ್ತು.
ಆ ಒಂದು ಅಕ್ಷರ, ಬಾಲದಷ್ಟು,
ಅವಳ ಕೈತಪ್ಪಿ ಬಂತೋ ಏನೋ.

ಡಾಕ್ಟರಮ್ಮ ಔಶ್ರಿನೆ ಅವನ ಹೊಟ್ಟೆ ಒತ್ತಿ,
ಒಸಡು ಎತ್ತಿ ನೋಡಿ ಹೇಳಿದಳು:
ಗಡದ್ದಾಗಿದ್ದಾನೆ. ರಾತ್ರಿ ಉದ್ದವಾಗುತ್ತಿದೆ ಇವನಿಗೆ,
ಖಾಲಿ ಹೊಟ್ಟೆಗೆ ಪಿತ್ತ ಏರುತ್ತದೆ.
ಮಲಗುವ ಮುಂಚೆ ಒಂದು ತುತ್ತು ಹಾಕಿ, ಜಾಸ್ತಿ ಬೇಡ.
ಪದೇ ಪದೇ ಆದರೆ, ಕುಡಿದ ನೀರೂ ನಿಲ್ಲದಿದ್ದರೆ,
ಮಂಕು ಹಿಡಿದು ಮೂಲೆ ಸೇರಿದರೆ
ಚೀಟಿ ಗೀಟಿ ನೋಡುತ್ತ ಕೂರಬೇಡಿ, ಹೊತ್ತುಕೊಂಡು ಬನ್ನಿ.
ಆಮೇಲೆ ಕನ್ನಡಕದ ಮೇಲಿಂದ:
ತುತ್ತು ಹಾಕುವವರು ಯಾರು?
ನಾವು ಇಬ್ಬರೂ ನಾಯಿಯನ್ನು ನೋಡಿದೆವು.

ಅಂದು ರಾತ್ರಿ ಹತ್ತೂವರೆಗೆ
ಅನ್ನಕ್ಕೆ ಬೇಯಿಸಿದ ಕೋಳಿ ಕಲಸಿ ನಾನು ಹಾಕಿದೆ.
ಹನ್ನೊಂದಕ್ಕೆ ಅವಳೂ ಹಾಕಿದಳಂತೆ.
ರೂದಿಸ್ ಯಾರಿಗೂ ಹೇಳಲಿಲ್ಲ,
ಅವನೇಕೆ ಹೇಳುತ್ತಾನೆ.

ನಾಲ್ಕು ಹತ್ತು. ಗ್ಳಕ್, ಗ್ಳಕ್.
"ಹಳದಿಯಾ?"
"ಬಿಳಿ. ಅನ್ನ. ರಾಶಿ ಅನ್ನ."
"ಇಷ್ಟು ನಾನು ಹಾಕಿರಲಿಲ್ಲವಲ್ಲ."
"ನೀನು ಹಾಕಿದೆಯಾ?"
"ನೀನೂನಾ?"

ಅವಳು ನಗಲಿಲ್ಲ. ಮೂಗಿನಿಂದ ಒಂದು ಸದ್ದು ಬಂತು,
ಶೀತವಿದ್ದರೂ ಇರಬಹುದು.
ನೆಲಕ್ಕೆ ಕೂತಳು, ಬಕೀಟಿನ ಆಚೆ,
ಕೂದಲು ಕೆದರಿ, ನನ್ನ ಹಳೇ ಸ್ವೆಟರ್ ತೊಟ್ಟು.
ಈಚೆ ನಾನೂ ಕೂತೆ.
ರೂದಿಸ್ ಎರಡು ಸಲ ಸುತ್ತಿ, ನಡುವೆ ಮಲಗಿ,
ಹಗುರಾದವನ ನಿಟ್ಟುಸಿರು ಬಿಟ್ಟ.

"ಗಿಂತಾರಸ್ ಫೋನು ಮಾಡಿದ್ದನಾ?"
"ಇಲ್ಲ."
"ಮಾಡುವುದಿಲ್ಲ ಅವನು."
"ಇಲ್ಲ. ತಪ್ಪು ನನ್ನದೇ."

ಹೊರಗೆ ಯಾವುದೋ ಹಡಗು ಒಮ್ಮೆ ಕೂಗಿತು.
ಅವಳು ಕೈ ಚಾಚಿದಳು.
"ಬಟ್ಟೆ ಕೊಡು. ಸರಿಯಾಗಿ ಹಿಂಡಿ ಕೊಡು,
ಪ್ರತಿ ಸಲ ನೀರು ಸೋರುತ್ತೆ ನೀನು ಕೊಟ್ಟಿದ್ದು."